ಆಟದ ಲೆಕ್ಕ

ಸೊನ್ನೆಗಿಂತ ಹದಿನೆಂಟು ಕೆಳಗೆ. ರಾತ್ರಿ ಹನ್ನೊಂದು.
ಮಿನೆಸೋಟದ ಈ ಗಣಿಯೂರಿನ ಮೈದಾನದಲ್ಲಿ
ಪೈಪು ಹಿಡಿದು ನಿಂತಿದ್ದೇನೆ.
ಸುಣ್ಣ ಬಳಿದಂತೆ ತೆಳ್ಳಗೆ ನೀರು,
ಒಂದು ಪದರ, ಕಾಯಬೇಕು, ಇನ್ನೊಂದು ಪದರ.
ಅವಸರ ಮಾಡಿದರೆ ಒಳಗೆ ಗುಳ್ಳೆ ಉಳಿಯುತ್ತದೆ,
ನಾಳೆ ಯಾವುದೋ ಮಗುವಿನ ಸ್ಕೇಟು
ಅಲ್ಲೇ ಸಿಕ್ಕಿಕೊಳ್ಳುತ್ತದೆ.
ಇದು ನನ್ನ ಇಂಟರ್ನ್‌ಶಿಪ್. ಮೂರು ಕ್ರೆಡಿಟ್.

"ಏನು ಓದ್ತಿದೀಯ?" ಕೇಳಿದ್ದಳು ಐಲಿ ಅತ್ತೆ
ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ.
"ಮನರಂಜನಾ ಆಡಳಿತ" ಅಂದೆ.
ಅವಳು ಫೋರ್ಕು ಕೆಳಗಿಟ್ಟಳು.
ಮೂವತ್ತೊಂದು ವರ್ಷ ಅದಿರಿನ ಲಾರಿ ಓಡಿಸಿದ ಅಪ್ಪ ನಕ್ಕ:
"ಆಡೋದಕ್ಕೂ ಡಿಗ್ರಿಯೇ?
ನಾವೂ ಆಡಿಯೇ ಬೆಳೆದೆವಪ್ಪ, ಯಾರು ಆಡಳಿತ ಮಾಡಿದ್ರು?"
ಎಲ್ಲರೂ ನಕ್ಕರು. ನಾನೂ.
ಅಂದಿನಿಂದ ಮನೆಯಲ್ಲಿ ನನ್ನ ಓದು
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನಿಜ ಹೇಳಬೇಕೆಂದರೆ ಅಲ್ಲಿ ಕಲಿಸಿದ್ದೇ ಲೆಕ್ಕ.
ಜಾರುಬಂಡೆಯ ಬುಡದಲ್ಲಿ ಮರದ ಚಕ್ಕೆ ಎಷ್ಟು ಆಳ ಹಾಸಿದರೆ
ಬಿದ್ದ ಮಗು ಅತ್ತು, ಎದ್ದು, ಮತ್ತೆ ಏಣಿ ಹತ್ತುತ್ತದೆ;
ಎಷ್ಟು ತೆಳುವಾದರೆ ಹತ್ತುವುದಿಲ್ಲ.
ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ.
ವಿಮೆ, ಟೆಂಡರು, ಕ್ಲೋರಿನ್ನು, ಪೋಷಕರ ಸಹಿ.
ಪ್ರೊಫೆಸರ್ ಡ್ರೇಗರ್ ಒಂದು ಇಡೀ ತರಗತಿ
ಬೆಂಚುಗಳ ಬಗ್ಗೆಯೇ ಮಾತಾಡಿದರು:
ಅಜ್ಜಿಗೆ ಕೂರಲು ಜಾಗವಿಲ್ಲದ ಪಾರ್ಕಿಗೆ
ಮೊಮ್ಮಗು ಹೇಗೆ ಬರುತ್ತದೆ, ಹೇಳಿ?
ಪರೀಕ್ಷೆಗೆ ಒಂದೇ ಪ್ರಶ್ನೆ ಕೊಟ್ಟರು:
ನಿಮ್ಮ ಊರಿನಲ್ಲಿ ಯಾರು ಆಡುತ್ತಿಲ್ಲ? ಏಕೆ?
ನಾಲ್ಕು ಪುಟ ಬರೆದೆ. ಸಮಯ ಸಾಲಲಿಲ್ಲ.

ಕೊನೆಯ ಸೆಮಿಸ್ಟರಿಗೆ ಒಬ್ಬೊಬ್ಬರು ಒಂದೊಂದು ದಿಕ್ಕು.
ಡೆಲ್ಫೀನ್ ಹಡಗಿನಲ್ಲಿ, ಕೆರಿಬಿಯನ್ ಬಿಸಿಲಲ್ಲಿ,
ಹಣವಂತ ಮುದುಕರಿಗೆ ಬಿಂಗೋ ಕೂಗುತ್ತಾಳೆ;
ಹೆಸರು ಹಿಡಿದು ಕರೆದರೆ ಕೆಲವರ ಕಣ್ಣು ತುಂಬುತ್ತದಂತೆ.
ಬೊಗ್ದಾನ್ ಆಸ್ಪತ್ರೆಯಲ್ಲಿ,
ಪಾರ್ಶ್ವವಾಯು ಬಡಿದ ಕೈಗೆ ಗಾಳ ಹಿಡಿಯುವುದನ್ನು
ಮತ್ತೆ ಕಲಿಸುತ್ತಾನೆ. ಕಿಟಕಿಯ ಪಕ್ಕ, ಖಾಲಿ ಬಕೆಟ್ಟಿನಲ್ಲಿ.
ಆನ್ಸೆಲ್ ಜೈಲಿನಲ್ಲಿ.
(ಕೆಲಸಕ್ಕೆ, ಎಂದು ಅವನ ತಾಯಿ ಬಿಡಿಸಿ ಹೇಳಬೇಕಾಗುತ್ತದೆ.)
ವಾಲಿಬಾಲ್ ನೆಟ್ಟಿನ ಹಗ್ಗ ಅಳೆದು ಕೊಡಬೇಕು,
ಅಳೆದೇ ವಾಪಸು ತೆಗೆದುಕೊಳ್ಳಬೇಕು.
ನಾನು ಬಂದದ್ದು ಇಲ್ಲಿಗೆ,
ಈ ಪೈಪಿಗೆ, ಒಂಟಿ ಕೈಗವಸುಗಳ ಈ ಪೆಟ್ಟಿಗೆಗೆ.

ಜನವರಿಯಲ್ಲಿ ಗಣಿ ನಿಂತಿತು.
ಎಷ್ಟು ದಿನಕ್ಕೆ ಎಂದು ಚೀಟಿಯಲ್ಲಿ ಬರೆದಿರಲಿಲ್ಲ.
ಅಪ್ಪ ಎರಡು ವಾರ ಗ್ಯಾರೇಜು ಗುಡಿಸಿದ.
ಮೂರನೆಯ ವಾರ ಗುಡಿಸಿದ್ದನ್ನೇ ಗುಡಿಸಿದ.
ನನ್ನ ಪಠ್ಯದ ಮೊದಲ ಪುಟದಲ್ಲೇ ಬಿಡುವಿನ ವ್ಯಾಖ್ಯೆ ಇದೆ,
ಹಳದಿ ಗೆರೆ ಎಳೆದು ಬಾಯಿಪಾಠ ಮಾಡಿದ್ದೆ.
ಬೆಳಗಿನ ಐದಕ್ಕೇ ಎದ್ದು ಬೂಟು ಹಾಕಿ
ಅಡುಗೆಮನೆಯ ಕುರ್ಚಿಯಲ್ಲಿ ಸುಮ್ಮನೆ ಕೂತವನ ಬಿಡುವು
ಅದರಲ್ಲಿರಲಿಲ್ಲ.

ಹೆಡ್‌ಲೈಟು ಬೇಲಿಯ ಮೇಲೆ ಹರಿದು ನಿಂತಿತು.
ಇಳಿದು ಬಂದವನು ಸ್ವಲ್ಪ ಹೊತ್ತು ನೋಡಿದ.
"ಹೀಗೆ ಹಿಡಿದ್ರೆ ಮೂಲೆಗೆ ನೀರು ಹೋಗಲ್ಲ."
"ಗೊತ್ತು."
"ಎಷ್ಟು ಪದರ ಆಯ್ತು?"
"ಏಳು. ಹನ್ನೆರಡು ಆಗಬೇಕು."
ಪೈಪು ಕಿತ್ತುಕೊಂಡ. ಹಿಂದೆ ಹಿಂದೆ ನಡೆಯುತ್ತ
ಮೂಲೆ ತುಂಬಿಸಿದ, ಲಾರಿ ರಿವರ್ಸ್ ತೆಗೆದಷ್ಟೇ ಜೋಕೆಯಿಂದ.
ನೀರು ಹೆಪ್ಪುಗಟ್ಟುವ ಸಣ್ಣ ಚಟಪಟ.
ಮಾತಿಲ್ಲ.

ಒಂದೂವರೆಗೆ ಶೆಡ್ಡಿನಲ್ಲಿ ಪೆನ್ಸಿಲು ಹುಡುಕಿದೆ,
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು.
ಸ್ವಯಂಸೇವಕರು: ರೂಬೆನ್ ಮಾಟಿಲಾ. ಎರಡು ಗಂಟೆ.
ಹೆಗಲ ಮೇಲಿಂದ ಇಣುಕಿದ.
"ಅದನ್ನೆಲ್ಲ ಯಾಕೆ ಬರೀತೀಯ?"

ಲೆಕ್ಕಕ್ಕೆ, ಅಂದೆ.